ಬುರುಡೆ ಬಿಟ್ಟ ಮೇಲೆ

ನಮ್ಮೂರಲ್ಲಿ ಸುಧಾರಿಸಿಕೊಳ್ಳುವುದು ಅಂದರೆ ಬಿಸಿಲಲ್ಲಿ ನಡೆದು ಬಂದವರು ಜಗಲಿಯ ಮೇಲೆ ಕುಸಿದು ಕೂತು, ಒಂದು ಚೊಂಬು ನೀರು ಗಟಗಟ ಕುಡಿದು, ಸೆರಗಿನಲ್ಲಿ ಗಾಳಿ ಹಾಕಿಕೊಂಡು ಅಬ್ಬಾ ಅನ್ನುವುದು. ಹಾಗಾಗಿ, ಹೊರಗಿನಿಂದ ಬಂದ ಮೇಷ್ಟ್ರೊಬ್ಬರು ಸಮುದಾಯ ಭವನದಲ್ಲಿ 'ನಿಮ್ಮನ್ನು ನೀವು ಸುಧಾರಿಸಿಕೊಳ್ಳಿ' ಎಂಬ ತರಗತಿ ನಡೆಸುತ್ತಾರೆ, ಎಲ್ಲರೂ ಬನ್ನಿ ಎಂದು ಆಟೋಗೆ ಮೈಕು ಕಟ್ಟಿ ಕೂಗಿಸಿದಾಗ, ಊರಿನ ಮುದುಕಿಯರೆಲ್ಲ ಚಾಪೆ ದಿಂಬು ಕಂಕುಳಲ್ಲಿಟ್ಟುಕೊಂಡು ಹೊರಟೆವು. ಒಂದು ಲಕ್ಷ ಜನ ಇದ್ದೆವು. ಹೋಗಲಿ, ಭವನ ತುಂಬಿತ್ತು ಅಂತಿಟ್ಟುಕೊಳ್ಳಿ. ನಾನು ಫ್ಯಾನಿನ ಕೆಳಗೆ ಜಾಗ ನೋಡಿ ಚಾಪೆ ಹಾಸಿ, ಮಗ್ಗುಲಾಗಿ ಕಣ್ಣು ಮುಚ್ಚಿದೆ. ಮೇಷ್ಟ್ರು ಬಂದು ತಲೆಯ ಹತ್ತಿರ ನಿಂತರು. "ಅಮ್ಮಾ, ಎದ್ದೇಳಿ. ನಿಮ್ಮನ್ನ ನೀವು ಸುಧಾರಿಸ್ಕೋಬೇಕು" ಎಂದರು. "ಅದನ್ನೇ ಮಾಡ್ತಿದೀನಲ್ಲಪ್ಪ. ನೀನು ಕೊಂಚ ಮೆತ್ತಗೆ ಮಾತಾಡಿದ್ರೆ ಇನ್ನೂ ಚೆನ್ನಾಗಿ ಸುಧಾರಿಸ್ಕೋತೀನಿ" ಎಂದೆ.

ಆಮೇಲೆ ತಿಳಿಯಿತು, ಅವರು ಹೇಳುತ್ತಿದ್ದುದು ಕೆಟ್ಟ ಅಭ್ಯಾಸ ಬಿಡುವ ವಿಷಯ. ಎಲ್ಲರೂ ಕೈ ಎತ್ತಿ ಒಂದೊಂದು ಅಭ್ಯಾಸವನ್ನು ಇಲ್ಲೇ, ಈಗಲೇ ಬಿಟ್ಟುಬಿಡಿ ಎಂದರು. ಪಾಪ, ಅವರಿಗೆ ನಮ್ಮೂರಿನ ವಿಷಯ ಯಾರೂ ಹೇಳಿರಲಿಲ್ಲ. ಇಲ್ಲಿ ಒಬ್ಬರು ಬಿಟ್ಟ ಅಭ್ಯಾಸ ಗಾಳಿಗೆ ಹಾರಿಹೋಗುವುದಿಲ್ಲ, ಹತ್ತಿರ ಇದ್ದವರಿಗೆ ಹತ್ತಿಕೊಳ್ಳುತ್ತದೆ. ಮರ್ಯಾದಸ್ಥರಾದವರು ಏನನ್ನಾದರೂ ಬಿಡುವಾಗ ತಟ್ಟೆಯಲ್ಲಿ ಎಲೆ ಅಡಿಕೆ ಇಟ್ಟುಕೊಂಡು ಪಕ್ಕದ ಮನೆಯ ಹೊಸ್ತಿಲ ಮುಂದೆ ನಿಂತು, 'ಇಂಥದ್ದು ಬಿಟ್ಟೆ ಕಣ್ರೀ' ಎಂದು ಬಾಯಿಬಿಟ್ಟು ಹೇಳಬೇಕು. ಅವರು 'ಬಿಡಿ, ನಾವು ನೋಡ್ಕೋತೀವಿ' ಅನ್ನಬೇಕು. ಬೇಡವಾದರೆ ಬಾಗಿಲು ಹಾಕಿಕೊಳ್ಳಬಹುದು, ಆಗ ಬಂದವರು ತಮ್ಮದನ್ನು ತಾವೇ ಹೊತ್ತುಕೊಂಡು ಹಿಂದಿರುಗಬೇಕು. ಭವನದಲ್ಲಿ ಹೊಸ್ತಿಲೂ ಇರಲಿಲ್ಲ, ಬಾಗಿಲೂ ಇರಲಿಲ್ಲ. ನಶ್ಯ, ಗೊರಕೆ, ಉಗುರು ಕಚ್ಚುವುದು, ಪಕ್ಕದ ಮನೆಯ ಪಾತ್ರೆಯ ಮುಚ್ಚಳ ಎತ್ತಿ ನೋಡುವುದು, ಎಲ್ಲವೂ ಎದುರಿಗೆ ನಿಂತಿದ್ದ ಮೇಷ್ಟ್ರಿಗೇ ಹೋಯಿತು. ಬರುವಾಗ ಇಸ್ತ್ರಿ ಮಾಡಿದ ಪಂಚೆಯ ಹಾಗಿದ್ದ ಮನುಷ್ಯ, ಹೋಗುವಾಗ ಉಗುರು ಕಚ್ಚುತ್ತಾ, ಸೀನುತ್ತಾ, 'ನಿಮ್ಮನೇಲಿ ಇವತ್ತೇನು ಸಾರು?' ಎಂದು ಕಂಡಕಂಡವರನ್ನೆಲ್ಲ ಕೇಳುತ್ತಾ ಬಸ್ಸು ಹತ್ತಿದರು. ಬಸ್ಸಿನಲ್ಲಿ ಅವರು ಹೊಡೆದ ಗೊರಕೆಗೆ ಟೈರು ಪಂಕ್ಚರ್ ಆಯಿತಂತೆ.

ನಾನು ಆವತ್ತು ಏನೂ ಬಿಡಲಿಲ್ಲ. ಬಿಡಬೇಕೆಂದರೆ ಮೊದಲು ನನ್ನದು ಯಾವುದು ಅಂತ ಗೊತ್ತಾಗಬೇಕಲ್ಲ! ಈ ಬೀದಿಯಲ್ಲಿ ಇಷ್ಟು ಕಾಲ ಬಾಳಿದವಳ ಮೈಯಲ್ಲಿ ತನ್ನದೆಂದು ಏನು ಉಳಿದಿರುತ್ತದೆ? ಕೂತಾಗ ಕಾಲು ಅಲ್ಲಾಡಿಸುವುದು ಹಿಟ್ಟಿನ ಗಿರಣಿಯ ದ್ಯಾವಣ್ಣನದು. ಬೀಗ ಹಾಕಿದ ಮೇಲೆ ಮತ್ತೆ ಮತ್ತೆ ಎಳೆದು ನೋಡುವುದು ಹಿಂದೆ ಬಾಡಿಗೆಗಿದ್ದ ಪೋಸ್ಟ್‌ಮ್ಯಾನಿನ ಹೆಂಡತಿಯದು. ಹಾಗಲಕಾಯಿ ಕಂಡರೆ ಮುಖ ಸಿಂಡರಿಸುವುದಾದರೂ ನನ್ನದೇ ಅಂದುಕೊಂಡಿದ್ದೆ, ವಿಚಾರಿಸಿದರೆ ಅದು ಪಕ್ಕದ ಮನೆಯ ರೇವಮ್ಮನದಂತೆ. ಒಂದೊಂದು ಸಲ ಬೆಳಗ್ಗೆ ಎದ್ದು ಕೂತು, ಈ ಎದ್ದವಳು ಯಾರಪ್ಪಾ ಎಂದು ನಾನೇ ತಬ್ಬಿಬ್ಬಾಗುತ್ತೇನೆ.

ನನ್ನ ಬಾಯಿಯಂತೂ ಖಂಡಿತ ನನ್ನದಲ್ಲ, ಅದು ನಮ್ಮ ಯಜಮಾನರದು. ಅವರು ಊರಿಗೆ ನೀರು ಬಿಡುವ ಕೆಲಸದಲ್ಲಿದ್ದರು. ವಾಲ್ವು ತಿರುಗಿಸುವ ಉದ್ದನೆಯ ಕಬ್ಬಿಣದ ಕೀಲಿಯನ್ನು ಹೆಗಲ ಮೇಲಿಟ್ಟುಕೊಂಡು ಬೆಳಗ್ಗೆ ನೀರು ಬಿಡುತ್ತಿದ್ದರು, ಸಂಜೆ ಜಗಲಿಯ ಮೇಲೆ ಕೂತು ಬುರುಡೆ ಬಿಡುತ್ತಿದ್ದರು. ನೀರು ಎರಡು ದಿನಕ್ಕೊಮ್ಮೆ ಬರುತ್ತಿತ್ತು, ಬುರುಡೆ ದಿನವೂ. ಅವರ ಬುರುಡೆಗಳಲ್ಲೆಲ್ಲ ದೊಡ್ಡದು ನಲ್ಲಿಯಲ್ಲಿ ಬಂದ ಮೀನಿನ ಕಥೆ. ಒಂದು ದಿನ ವಾಲ್ವು ತೆಗೆದಾಗ ಕೊಳವೆಯೊಳಕ್ಕೆ ಎಮ್ಮೆಕರುವಿನಷ್ಟು ದೊಡ್ಡ ಮೀನು ನುಗ್ಗಿತಂತೆ. ಅದು ನೆಲದಡಿಯಲ್ಲೇ ಏಳು ಬೀದಿ ದಾಟಿ, ಒಂದೊಂದು ಮನೆಯ ನಲ್ಲಿಯಲ್ಲೂ ಮೂತಿ ಹೊರಗೆ ಹಾಕಿ, ತಿಂಡಿ ಆಯ್ತಾ ಎಂದು ವಿಚಾರಿಸಿಕೊಂಡು, ಕೊನೆಗೆ ರೇವಮ್ಮನ ನಲ್ಲಿಗೆ ಬಂತಂತೆ. ಅಲ್ಲಿ ರೇವಮ್ಮನ ಮುಖ ನೋಡಿದ್ದೇ ಹೆದರಿ, ಬಂದ ದಾರಿಯಲ್ಲೇ ಕೆರೆಗೆ ವಾಪಸು ಓಡಿತಂತೆ. ಬೀದಿಯವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ರೇವಮ್ಮ ನಗಲಿಲ್ಲ. ಅಂದಿನಿಂದ ನಮ್ಮ ಮನೆಗೂ ಅವರ ಮನೆಗೂ ಒಂದು ಚಮಚ ಕಾಫಿಪುಡಿಯ ಕಡ ಕೂಡ ನಡೆಯಲಿಲ್ಲ. ಅವಳು ನಮ್ಮ ಮನೆಯ ಮುಂದೆ ಹಾಯುವಾಗೆಲ್ಲ ಮೂತಿಯನ್ನು ಆ ಕಡೆಗೆ ತಿರುಗಿಸಿಕೊಂಡೇ ಹೋಗುತ್ತಿದ್ದಳು. ಅವಳಾದರೋ ಅಳೆದು ಮಾತಾಡುವವಳು. ಮಳೆ ಬಂತಾ ಎಂದರೆ 'ಹನಿಯಿತು' ಅನ್ನುವಳು, ಊಟ ಹೇಗಿತ್ತು ಎಂದರೆ 'ಆಯಿತು' ಅನ್ನುವಳು.

ಯಜಮಾನರು ತೀರಿಕೊಂಡಾಗ ಅವರ ತಲೆಯ ಹತ್ತಿರ ಕೂತಿದ್ದವಳು ನಾನು. ಕಾರ್ಯಕ್ಕೆ ಯಾರ್ಯಾರು ಬಂದಿದ್ದರು ಎಂದು ಊರಿಗೆ ತಡವಾಗಿ ಬಂದ ನೆಂಟರೊಬ್ಬರು ಕೇಳಿದರು. ಬಂದಿದ್ದವರು ಒಂದು ಹನ್ನೆರಡು ಜನ. ನಾನು ಕಣ್ಣೊರೆಸಿಕೊಂಡು, "ಊರಿಗೆ ಊರೇ ಬಂದಿತ್ತಪ್ಪ. ಕೂರೋಕೆ ಜಾಗ ಸಾಲ್ದೆ ಜನ ಸೂರು ಹತ್ತಿದ್ರು. ಆಕಾಶದಲ್ಲಿ ಹದ್ದುಗಳು ಕೂಡ ಸಾಲಾಗಿ ನಿಂತು ಅಳ್ತಿದ್ವು" ಎಂದೆ. ಸೊಸೆ ಇಂದ್ರಾಣಿಯ ಕೈಯಲ್ಲಿದ್ದ ಸೌಟು ಠಣ್ಣೆಂದು ಬಿತ್ತು. ಎಲ್ಲರಿಗೂ ತಿಳಿಯಿತು, ಅವರ ಬುರುಡೆ ಎಲ್ಲಿ ಉಳಿದಿದೆ ಎಂದು. ನನಗೂ ತಿಳಿಯಿತು. ಹೇಳಬಾರದು, ಆ ಸಂಕಟದಲ್ಲೂ ಒಳಗೆಲ್ಲೋ ಹಾಯೆನಿಸಿತು. ಅಲ್ಲಿಂದ ನಾನು ಬಾಯಿ ತೆರೆದಾಗೆಲ್ಲ ಅವರು ಮಗ್ಗುಲಲ್ಲಿ ಕೂತ ಹಾಗೆ. ಅದಕ್ಕೂ ಮುಂಚೆ ನಾನು ಹೇಗೆ ಮಾತಾಡುತ್ತಿದ್ದೆ ಎಂದು ಕೇಳಬೇಡಿ, ಈಗ ನನಗೆ ನೆನಪಿಲ್ಲ.

ಹೀಗೇ ಇದ್ದುಬಿಡುತ್ತಿದ್ದೆ. ಆದರೆ ಕಣ್ಣು ಕೈಕೊಟ್ಟಿತು. ಮೊದಮೊದಲು ಮಂಜು, ಆಮೇಲೆ ಹೊಗೆ, ಆಮೇಲೆ ಮಜ್ಜಿಗೆಯೊಳಗೆ ಮುಳುಗಿ ಕಣ್ಣು ಬಿಟ್ಟ ಹಾಗೆ. ಒಂದು ದಿನ ಸಾರಿಗೆ ಉಪ್ಪೆಂದು ರಂಗೋಲಿಪುಡಿ ಹಾಕಿದೆ. ಮಗ ಒಂದು ತುತ್ತು ಬಾಯಿಗಿಟ್ಟವನೇ ಎದ್ದು ಹೋದ. ಇಂದ್ರಾಣಿ ಬೈಯಲಿಲ್ಲ, ಅವಳಿಗೆ ಬೈಯುವುದು ಬಾರದು. ಆದರೆ ಮರುದಿನ ಬೆಳಗ್ಗೆ ನಾನು ಯಜಮಾನರ ಫೋಟೋಗೆ ಹೂವು ಏರಿಸಿ ಕೈ ಮುಗಿಯುತ್ತಿದ್ದಾಗ ಹಿಂದೆ ಬಂದು ನಿಂತಳು. "ಅತ್ತೆ, ಒಂದು ಮಾತು ಹೇಳ್ಲಾ? ಬೇಜಾರು ಮಾಡ್ಕೋಬೇಡಿ" ಎಂದಳು. "ಹೇಳೇ." "ಮಾವನ ಫೋಟೋ ಆ ಕಡೆ ಗೋಡೇಲಿದೆ. ನೀವು ಹೂವ ಹಾಕ್ತಿರೋದು ಟೀಪುಡಿ ಕ್ಯಾಲೆಂಡರಿಗೆ. ಯುಗಾದಿಯಿಂದ್ಲೂ ಹೀಗೇ."

ಅಲ್ಲೇ ಕುಸಿದು ಕೂತೆ, ಕೂತಲ್ಲೇ ಕಾಲು ನಡುಗಿತು. ದ್ಯಾವಣ್ಣನ ಅಲ್ಲಾಡಿಸುವಿಕೆಯಲ್ಲ, ನನ್ನದೇ ನಡುಕ. ಯಾವನೋ ಮೀಸೆಯವನು ಲೋಟ ಹಿಡಿದುಕೊಂಡು ನಗುತ್ತಿದ್ದನಂತೆ, ಅವನಿಗೆ ಯುಗಾದಿಯಿಂದ ದೀಪ, ಹೂವು, ಕಷ್ಟಸುಖದ ಮಾತು! ಹೋಗಲಿ ಎಂದು ನಿಜವಾದ ಫೋಟೋದ ಹತ್ತಿರ ಹೋಗಿ ಮೂಗು ತಾಗಿಸಿ ನೋಡಿದೆ. ಬಿಳಿ ಮಂಜು, ಮಂಜಿನ ನಡುವೆ ಕರಿ ಮಚ್ಚೆ. ಅದು ಅವರ ಮೀಸೆಯೋ ಗೋಡೆಯ ಮೊಳೆಯೋ ತಿಳಿಯಲಿಲ್ಲ.

ಇಂದ್ರಾಣಿ ಅವತ್ತೇ ನನ್ನನ್ನು ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋದಳು. ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು, ಒಳ್ಳೆಯವಳು. ಕೈ ಎತ್ತಿ, "ಅಜ್ಜಿ, ಎಷ್ಟು ಬೆರಳು ಕಾಣ್ತಿವೆ?" ಎಂದಳು. "ಒಂದು ಹತ್ತಿಪ್ಪತ್ತು ಕಾಣ್ತಿವೆ ಕಣಮ್ಮ" ಎಂದೆ. "ಗೋಡೆ ಮೇಲೆ ಗಡಿಯಾರ ಕಾಣುತ್ತಾ?" "ಗಡಿಯಾರ ಏನು, ಅದ್ರ ಮೇಲೆ ಕೂತಿರೋ ಸೊಳ್ಳೆ ಕಾಲಿನ ಗೆಜ್ಜೆನೂ ಕಾಣುತ್ತೆ." ಡಾಕ್ಟರಮ್ಮ ಬರೆಯುತ್ತಿದ್ದ ಪೆನ್ನು ಇಟ್ಟಳು. "ಹಾಗಾದ್ರೆ ಕಣ್ಣು ಚೆನ್ನಾಗಿದೆ ಅನ್ನಿ." "ಎಲ್ಲಿ ಚೆನ್ನಾಗಿದೆ ತಾಯಿ! ಕಗ್ಗತ್ತಲು. ಅಮಾವಾಸ್ಯೆ ದಿನ ಬಾವಿ ಒಳಗೆ ಕಂಬಳಿ ಹೊದ್ದು ಕೂತ ಹಾಗೆ." "ಅಜ್ಜಿ, ಕಾಣುತ್ತೋ, ಕಾಣಲ್ವೋ?" ನಾನು ಯೋಚನೆ ಮಾಡಿ, "ಎರಡೂ" ಎಂದೆ. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಬಾಯಿ ತೆರೆದರೆ ಯಜಮಾನರು ನನಗಿಂತ ಮುಂಚೆ ಮಾತಾಡುತ್ತಿದ್ದರು, ನಾನೇನು ಮಾಡಲಿ?

ಡಾಕ್ಟರಮ್ಮ ಬೆಳಕು ಬಿಟ್ಟು ನೋಡಿ ಇಂದ್ರಾಣಿಯನ್ನು ಕರೆದಳು. "ಪೊರೆ ಬಲಿತಿದೆ. ತೆಗೀಬೇಕು. ತಡ ಮಾಡಿದ್ರೆ ಎಡಗಣ್ಣು ಹೋಗೇ ಹೋಗುತ್ತೆ, ಬಲಗಣ್ಣೂ ಅದ್ರ ಹಿಂದೇನೇ. ಆದ್ರೆ ನಾನು ಕಣ್ಣಿಗೆ ಕೈ ಇಟ್ಟಾಗ ಅಜ್ಜಿ ನೋವು ಅಂದ್ರೆ ನಂಬಬೇಕಾ ಬೇಡ್ವಾ? 'ಪ್ರಾಣ ಹೋಯ್ತು' ಅಂತ ಕಿರುಚಿದ್ರೆ ನಾನೇನು ಮಾಡ್ಲಿ? ಮೊದ್ಲು ಬುರುಡೆ ಬಿಟ್ಟು ಬರಲಿ, ಆಮೇಲೆ ಆಪರೇಷನ್." ಬರುವ ದಾರಿಯಲ್ಲಿ ಮನಸ್ಸು ಮಜ್ಜಿಗೆ ಕಡೆದ ಹಾಗೆ ಆ ಕಡೆ ಈ ಕಡೆ ತಿರುಗುತ್ತಿತ್ತು. ಕಣ್ಣು ಬಂದರೆ ಅವರ ಮುಖ ಕಾಣುತ್ತದೆ. ಆದರೆ ಅವರ ಬಾಯಿ ಹೋಗುತ್ತದೆ. ಬಾಯಿ ಇಟ್ಟುಕೊಂಡರೆ ಮುಖ ಹೋಗುತ್ತದೆ. ಗಂಡನನ್ನು ಹೀಗೆ ತುಂಡು ಮಾಡಿ ಯಾವುದು ಬೇಕು ಆರಿಸಿಕೋ ಅಂದರೆ ಯಾವ ಹೆಂಗಸು ಆರಿಸಿಕೊಳ್ಳುತ್ತಾಳೆ? ಅದೂ ಅಲ್ಲದೆ, ಬಿಟ್ಟರೆ ಅದು ಯಾರಿಗೆ ಹೋಗಬೇಕು? ನಮ್ಮ ಮನೆಯ ಒಂದು ಮಗ್ಗುಲಿಗೆ ಖಾಲಿ ನಿವೇಶನ, ಇನ್ನೊಂದು ಮಗ್ಗುಲಿಗೆ ರೇವಮ್ಮ!

ಇಂದ್ರಾಣಿ ಬಿಡಲಿಲ್ಲ. ಎಲೆ ಅಡಿಕೆಯ ತಟ್ಟೆ ಕೈಯಲ್ಲಿ ಹಿಡಿಸಿ, ನನ್ನನ್ನು ರೇವಮ್ಮನ ಹೊಸ್ತಿಲ ಮುಂದೆ ನಿಲ್ಲಿಸಿದಳು. ಬಾಗಿಲು ಹಾಕಿಕೊಳ್ಳುತ್ತಾಳೆ ಎಂದುಕೊಂಡೆ, ಹಾಕಿಕೊಳ್ಳಲಿ ದೇವರೇ ಎಂದೂ ಬೇಡಿಕೊಂಡೆ. ಅವಳು ಹೊರಗೆ ಬಂದು ನಿಂತಳು. ನಾನು ಗಂಟಲು ಸರಿಮಾಡಿಕೊಂಡು, "ಬುರುಡೆ ಬಿಟ್ಟೆ ಕಣೆ" ಎಂದೆ. ಅವಳು ಬೇರೆಲ್ಲೋ ನೋಡುತ್ತಾ, "ಬಿಡು, ನೋಡ್ಕೋತೀನಿ" ಎಂದಳು. ನಾವು ಎಡವಿದ್ದು ಅಲ್ಲೇ. ನಶ್ಯ ಬಿಟ್ಟೆ ಅಂದರೆ ಬಿಟ್ಟ ಹಾಗೆ. ಆದರೆ ನಮ್ಮ ಮಾತಿನಲ್ಲಿ ಬುರುಡೆ ಬಿಟ್ಟೆ ಅಂದರೆ ಹೊಡೆದ ಹಾಗೆ! ಅಭ್ಯಾಸ ತನಗೆ ತಿಳಿದ ಅರ್ಥವನ್ನೇ ತೆಗೆದುಕೊಂಡಿತು. ಮನೆಗೆ ಬಂದು ಇನ್ನೂ ಚಪ್ಪಲಿ ಕಳಚಿರಲಿಲ್ಲ, ಬುರುಡೆ ಒಡೆದ ಕೊಳವೆಯ ಹಾಗೆ ಚಿಮ್ಮತೊಡಗಿತು. ಹಾಲಿನವನಿಗೆ, ನಿನ್ನ ಹಸು ಕನಸಿನಲ್ಲಿ ಬಂದು ನಿನ್ನ ಮೇಲೆ ದೂರು ಹೇಳಿತು ಎಂದೆ. ತರಕಾರಿಯವಳಿಗೆ, ಅವಳ ಕುಂಬಳಕಾಯಿ ಕತ್ತರಿಸಿದಾಗ ಒಳಗೊಂದು ಸಂಸಾರ ಬಾಡಿಗೆಗಿತ್ತು, ಇನ್ನೂ ಮನೆ ಖಾಲಿ ಮಾಡಿಲ್ಲ ಎಂದೆ. ನನ್ನ ಬಾಯಿಗೇ ನೋವು ಬಂತು, ಆದರೂ ನಿಲ್ಲಲಿಲ್ಲ.

ಇಂದ್ರಾಣಿ ಯೋಚಿಸಿ, "ಅತ್ತೆ, ಬಿಟ್ಟೆ ಅನ್ಬೇಡಿ. ನಿಲ್ಲಿಸಿದೆ ಅನ್ನಿ" ಎಂದಳು. ಮತ್ತೆ ತಟ್ಟೆ, ಮತ್ತೆ ಹೊಸ್ತಿಲು. "ಬುರುಡೆ ನಿಲ್ಲಿಸಿದೆ ಕಣೆ ರೇವಮ್ಮ." ನಿಲ್ಲಿಸಿದ್ದಕ್ಕೆ ಅದು ನಿಂತುಕೊಂಡಿತು. ಅಂದರೆ, ನಿಂತರೆ ಮಾತ್ರ ಬುರುಡೆ ಬರುತ್ತಿತ್ತು, ಕೂತರೆ ಬಾಯಿ ಕಟ್ಟಿಹೋಗುತ್ತಿತ್ತು. ಕೂತಲ್ಲಿ ಬುರುಡೆಯೇನೋ ಇಲ್ಲ, ಆದರೆ ಒಂದು ಲೋಟ ನೀರು ಕೊಡೇ ಎನ್ನುವುದಕ್ಕೂ ಮಾತು ಇಲ್ಲ. ನೀರು ಬೇಕಾದರೆ ಎದ್ದು ನಿಲ್ಲಬೇಕು, ನಿಂತರೆ 'ಒಂದು ಸಮುದ್ರ ತಗೊಂಡು ಬಾ' ಎಂದೇ ಬಾಯಿಗೆ ಬರುತ್ತಿತ್ತು. ಎರಡು ದಿನಕ್ಕೆ ಆ ಕಟ್ಟು ಸಡಿಲಿ ಬುರುಡೆ ಮೊದಲಿನ ಹಾಗಾಯಿತು. ಆಮೇಲೆ ಇಂದ್ರಾಣಿ ತರಗತಿಯಲ್ಲಿ ಮೇಷ್ಟ್ರು ಹೇಳಿಕೊಟ್ಟಿದ್ದ ದೊಡ್ಡ ಮಾತೊಂದನ್ನು ನೆನಪು ಮಾಡಿಕೊಂಡಳು. "ಬುರುಡೆಯನ್ನು ತ್ಯಜಿಸಿದೆ" ಎಂದು ನನ್ನ ಕೈಲಿ ಹೇಳಿಸಿದಳು. ಅದಕ್ಕೆ ಏನೂ ಆಗಲಿಲ್ಲ. ಬುರುಡೆಗೂ ನನ್ನಷ್ಟೇ ಓದು, ಪುಸ್ತಕದ ಮಾತು ಅದಕ್ಕೆ ಅರ್ಥವಾಗಲಿಲ್ಲ.

ಅಷ್ಟರಲ್ಲಿ ಎಡಗಣ್ಣಿನಲ್ಲಿ ಹಗಲೂ ಸಂಜೆಯಾಯಿತು. ಈ ಸಲ ಇಂದ್ರಾಣಿಯನ್ನು ಕರೆಯದೆ, ಗೋಡೆ ತಡವಿಕೊಂಡು ನಾನೊಬ್ಬಳೇ ಹೋದೆ. ಇನ್ನೊಂದು ಕೈಯಲ್ಲಿ ಎಲೆ ಅಡಿಕೆಯ ತಟ್ಟೆ. ಬಾಗಿಲು ತೆರೆದೇ ಇತ್ತು.

"ಮತ್ತೆ ಬಂದ್ಯಾ?" ಎಂದಳು ರೇವಮ್ಮ ಒಳಗಿನಿಂದ. "ಬಂದೆ." "ಇವತ್ತು ಯಾವ ಮಾತು ತಂದಿದೀಯ?" "ಮಾತೆಲ್ಲಾ ಮುಗೀತು ಕಣೆ ರೇವಿ. ನನಗೇನೂ ತೋಚ್ತಿಲ್ಲ." ಅವಳು ಹೊಸ್ತಿಲ ಆ ಕಡೆ ಬಂದು ನಿಂತ ಸದ್ದಾಯಿತು. ಮುಖ ಕಾಣಿಸಲಿಲ್ಲ, ಸೀರೆಯ ಹಸಿರು ಮಾತ್ರ. "ನೀನು ಬಿಡ್ತೀನಿ ಬಿಡ್ತೀನಿ ಅಂತ ಬರ್ತೀಯ. ಆ ಮನುಷ್ಯಂದು ಅದು. ಕಸ ಬಿಟ್ಟ ಹಾಗೆ ಬಿಟ್ರೆ ಹೋಗುತ್ತಾ? ಕೊಡು" ಎಂದಳು. "ಏನು?" "ಕೊಡು ಅಂದೆ. ಕೈಯಲ್ಲಿಟ್ಟು ಕೊಟ್ಟ ಹಾಗೆ ಕೊಡು. ನಾನು ತಗೋತೀನಿ."

ನನಗೆ ನಂಬಿಕೆ ಬರಲಿಲ್ಲ. "ನಿನಗ್ಯಾಕೆ ಇದು? ನಿನ್ನ ಇಷ್ಟು ವರ್ಷ ನೋಯಿಸಿದ್ದೂ ಅದೇ ಬಾಯಿ ಅಲ್ವೇನೆ" ಎಂದೆ. "ಹೌದು" ಎಂದಳು. ಅಳೆದು ಮಾತಾಡುವವಳಲ್ಲವೇ, ಅಷ್ಟಕ್ಕೇ ನಿಲ್ಲಿಸುತ್ತಾಳೆ ಎಂದುಕೊಂಡೆ. ನಿಲ್ಲಿಸಲಿಲ್ಲ. "ನಿನ್ನ ಕಣ್ಣು ಹೋದ್ರೆ ನಾನು ಯಾರ ಮುಂದೆ ಮೂತಿ ತಿರುಗಿಸ್ಲಿ? ನೋಡೋರಿಲ್ದೆ ತಿರುಗಿಸಿ ಕತ್ತು ನೋವು ಮಾಡ್ಕೊಳ್ಳಲಾ?" ಆಮೇಲೆ ದನಿ ತಗ್ಗಿಸಿ, "ಮತ್ತೆ, ನಾನು ಮಾತಾಡಿದ್ರೆ ಕೇಳೋಕೆ ನಮ್ಮ ಬೆಕ್ಕೂ ನಿಲ್ಲಲ್ಲ ಕಣೆ. ನಿಮ್ಮ ಜಗಲಿ ಯಾವಾಗ್ಲೂ ತುಂಬಿರುತ್ತೆ. ಗೋಡೆಗೆ ಕಿವಿ ಇಟ್ಟು ಕೇಳಿಸ್ಕೋತಿದ್ದೆ. ಆ ಮೀನಿನ ಕಥೆನೂ" ಎಂದಳು.

ನಾನು ತಟ್ಟೆಯನ್ನು ಎದೆಗೆ ಒತ್ತಿ ಹಿಡಿದುಕೊಂಡೆ. ಕೊಡುವುದಕ್ಕಿಂತ ಬಿಡುವುದೇ ಸುಲಭವಿತ್ತು. ಬಿಟ್ಟರೆ ಎಲ್ಲಿಗೋ ಹೋಯಿತು ಅನ್ನಬಹುದು, ಕೊಟ್ಟರೆ ಇಂಥವಳ ಹತ್ತಿರ ಇದೆ ಎಂದು ಗೊತ್ತಿರುತ್ತದೆ. ಅದು ಒಳ್ಳೆಯದೋ ಕೆಟ್ಟದ್ದೋ ಅದೂ ತಿಳಿಯಲಿಲ್ಲ. ಕೊನೆಯದಾಗಿ ಒಂದು ಇರಲಿ ಎಂದು, "ರೇವಿ, ನಿಮ್ಮ ಮನೆ ಹೊಸ್ತಿಲು ಎಷ್ಟು ಎತ್ತರ ಅಂದ್ರೆ, ಹತ್ತೋಕೆ ಹೊರಟವಳು ಮೇಲೆ ಮುಟ್ಟೋದ್ರೊಳಗೆ ಮುದುಕಿಯಾದೆ ನೋಡು" ಎಂದೆ. ಅವಳು ನಗಲಿಲ್ಲ, ಕೈ ಚಾಚಿದಳು. "ತಗೋ, ಕೊಟ್ಟೆ." "ತಗೊಂಡೆ." ಕಾಲುಂಗುರ ಕಳಚಿದ ಬೆರಳಿನ ಹಾಗೆ ನಾಲಗೆ ಬರಿದಾಯಿತು. ರೇವಮ್ಮ ತಟ್ಟೆಯಿಂದ ಎಲೆ ಎತ್ತಿಕೊಂಡು, "ಅಬ್ಬಬ್ಬಾ, ಇದೇನೆ ಎಲೆ, ಹಾಸ್ಕೊಂಡು ಇಡೀ ಬೀದಿನೇ ಮಲಗಬಹುದು!" ಎಂದವಳೇ ತಟ್ಟನೆ ಬಾಯಿ ಮುಚ್ಚಿಕೊಂಡಳು.

ಆಪರೇಷನ್ ಆಯಿತು. ನಡುವೆ ಡಾಕ್ಟರಮ್ಮ, "ನೋವಾಗ್ತಿದೆಯಾ ಅಜ್ಜಿ?" ಎಂದು ಕೇಳಿದಳು. "ಸ್ವಲ್ಪ" ಎಂದೆ. ಅವಳು ಕೈ ಹಿಂದೆ ತೆಗೆದು, ಇನ್ನೊಂದಿಷ್ಟು ಮದ್ದು ಹಾಕಿ ಮುಂದುವರಿಸಿದಳು. ಪಟ್ಟಿ ಬಿಚ್ಚಿದ ಮೇಲೆ ಮೊದಲು ಕಂಡದ್ದು ಇಂದ್ರಾಣಿಯ ತಲೆಯ ಬಿಳಿಕೂದಲು. ಯಾವಾಗ ಬಂದವೋ, ನಾನು ನೋಡಿರಲೇ ಇಲ್ಲ. ಮನೆಗೆ ಬಂದು ಸರಿಯಾದ ಗೋಡೆಯ ಮುಂದೆ ನಿಂತೆ. ಯಜಮಾನರು ಅಲ್ಲಿದ್ದರು. ಮೀಸೆ ನಾನು ನೆನೆಸಿಕೊಂಡಿದ್ದಕ್ಕಿಂತ ಚಿಕ್ಕದಿತ್ತು. ಗಲ್ಲದ ಮೇಲೆ ಗಾಯದ ಗುರುತಿತ್ತು, ಮರೆತೇಹೋಗಿತ್ತು. ಅವರಿಗೆ ಏನಾದರೂ ಹೇಳಬೇಕು, ನಿಮ್ಮನ್ನು ನೋಡಿ ಸೂರ್ಯ ನಾಚಿ ಮೋಡದ ಹಿಂದೆ ಹೋದ ಎಂದೋ ಏನೋ, ಎಂದು ಬಾಯಿ ತೆರೆದೆ. "ಫೋಟೋ ಮೇಲೆ ಧೂಳಿದೆ" ಎಂದಿತು ಬಾಯಿ. ಸೆರಗಿನಿಂದ ಒರೆಸಿದೆ. ಅಷ್ಟೇ.

ಆಮೇಲಿನ ದಿನಗಳನ್ನು ಹೇಗೆ ಹೇಳಲಿ? ಜಗಲಿಯ ಮೇಲೆ ಬಂದು ಕೂತ ಹೆಂಗಸರು ಏನಜ್ಜಿ ಸಮಾಚಾರ ಎಂದರೆ, "ಬೆಳಗ್ಗೆ ಎದ್ದೆ, ಕಾಫಿ ಕುಡಿದೆ" ಎನ್ನುತ್ತಿದ್ದೆ. ಅವರು ಮುಂದಿನ ಮಾತಿಗೆ ಕಾದು ಕಾದು ಎದ್ದು ಹೋದರು. ಇಂದ್ರಾಣಿ ಉಪ್ಪಿಟ್ಟು ಕೊಟ್ಟು ಹೇಗಿದೆ ಅತ್ತೆ ಎಂದಳು. ಮುಂಚೆಯಾದರೆ, ಇಂದ್ರಲೋಕದವರು ತಟ್ಟೆ ಹಿಡಿದು ನಮ್ಮ ಬಾಗಿಲಲ್ಲಿ ಸಾಲು ನಿಂತಿದ್ದಾರೆ ನೋಡು ಎನ್ನುತ್ತಿದ್ದೆ. "ಉಪ್ಪು ಕಡಿಮೆ. ಸಾಸಿವೆ ಸೀದಿದೆ" ಎಂದೆ. ಅವಳು ಒಲೆಯ ಕಡೆ ತಿರುಗಿಕೊಂಡು ಕಣ್ಣೊರೆಸಿಕೊಂಡಳು. "ನೀವು ಬುರುಡೆ ಹೇಳ್ತಿದ್ರಿ ಅಂತ ಗೊತ್ತಿತ್ತು ಅತ್ತೆ. ಆದ್ರೂ ಚೆನ್ನಾಗಿರ್ತಿತ್ತು" ಎಂದಳು. ಸುಧಾರಿಸಿದ್ದೆ ನಾನು, ಎಲ್ಲರೂ ಹಾಗೇ ಹೇಳಿದರು. ಆದರೆ ಮನೆಯಲ್ಲಿ ಯಾರಿಗೂ ಸುಖವಿರಲಿಲ್ಲ. ಹೀಗೇಕೆ ಎಂದು ಎಷ್ಟು ಯೋಚಿಸಿದರೂ ತಲೆಗೆ ಹತ್ತಲಿಲ್ಲ.

ಒಂದು ಸಂಜೆ ಪಕ್ಕದ ಜಗಲಿಯಿಂದ ಗೊಳ್ಳೆಂದು ನಗು ಕೇಳಿತು. ನೋಡಿದರೆ, ನಮ್ಮ ಜಗಲಿಯ ಹೆಂಗಸರೆಲ್ಲ ಅಲ್ಲಿದ್ದಾರೆ. ನಡುವೆ ರೇವಮ್ಮ, ಒಂದು ಮಂಡಿ ಎತ್ತಿ ಕೂತು, ಎಡಗೈಯಿಂದ ತೊಡೆ ತಟ್ಟಿ, ಒಂದು ಹುಬ್ಬು ಮೇಲೇರಿಸಿ ಹೇಳುತ್ತಿದ್ದಾಳೆ. ಆ ಹುಬ್ಬು, ಆ ತೊಡೆ ತಟ್ಟುವುದು, ಹೇಳುವ ಮುಂಚೆ ಸ್ವಲ್ಪ ಬಾಯಿ ಚಪ್ಪರಿಸುವುದು, ಎಲ್ಲ ಅವರದೇ. ಹೊಸ ಕಣ್ಣು ಎಲ್ಲವನ್ನೂ ತೋರಿಸಿತು, ಯಾಕೆ ತೋರಿಸಿತೋ. ನನ್ನ ಗಂಡ, ಈ ವಯಸ್ಸಿನಲ್ಲಿ, ಸತ್ತ ಮೇಲೆ, ಪಕ್ಕದ ಮನೆಯ ಜಗಲಿಯ ಮೇಲೆ! ಮುಖ ನಮ್ಮ ಗೋಡೆಯ ಮೇಲೆ, ಬಾಯಿ ಅವಳ ಮನೆಯಲ್ಲಿ. ಎದ್ದು ಒಳಗೆ ಹೋಗಬೇಕೆಂದುಕೊಂಡೆ, ಕಾಲು ಏಳಲಿಲ್ಲ. ಯಾಕೆಂದರೆ ಅವಳು ಹೇಳುತ್ತಿದ್ದುದು ಮೀನಿನ ಕಥೆ. "ಎಮ್ಮೆಕರು ಅಷ್ಟಿತ್ತು ಕಣ್ರೇ! ಮೂರು ಬೀದಿ ದಾಟಿ ಬಂತು. ಬಂದು ನಮ್ಮ ನಲ್ಲಿಯಿಂದ ಮೂತಿ ಹೊರಗೆ ಹಾಕ್ತು. ನನ್ನ ಮುಖ ನೋಡ್ತು. ಅಮ್ಮಾ ಅಂತ ಕಿರುಚಿ, ಬಂದ ದಾರೀಲೇ ಓಡೋಗ್ಬಿಡ್ತು!" ಎಂದು ತನ್ನ ಕಥೆಗೆ ತಾನೇ ಕಣ್ಣಲ್ಲಿ ನೀರು ಬರುವಂತೆ ನಕ್ಕಳು.

ಕಾಲು ತಾನಾಗಿ ಎದ್ದಿತು. ತಟ್ಟೆಯಿಲ್ಲ, ಎಲೆಯಿಲ್ಲ, ಹಾಗೇ ಹೋಗಿ ಅವಳ ಹೊಸ್ತಿಲ ಮುಂದೆ ನಿಂತೆ. ನಗು ನಿಂತಿತು. ಜಗಳಕ್ಕೆ ಬಂದಳು ಎಂದೇ ಎಲ್ಲರೂ ಅಂದುಕೊಂಡರು. ನಾನೂ ಹಾಗೇ ಅಂದುಕೊಂಡಿದ್ದೆ. "ಮೂರಲ್ಲ ಕಣೆ, ಏಳು ಬೀದಿ" ಎಂದೆ.

ರೇವಮ್ಮ ಕಣ್ಣು ಕಣ್ಣು ಬಿಟ್ಟಳು. "ಊರಲ್ಲಿ ಇರೋದೇ ನಾಲ್ಕು ಬೀದಿ ಕಣೆ!"

"ಗೊತ್ತು. ಅವ್ರು ಹೇಳಿದ್ದು ಏಳು. ನಾನೀಗ ಸುಳ್ಳು ಹೇಳೋಕಾಗಲ್ಲ, ಹೇಳಿದ್ರೆ ಸರಿಯಾಗಿ ಹೇಳು. ಮತ್ತೆ ತಿಂಡಿ ಆಯ್ತಾ ಅಂತ ಕೇಳೋದು ಬಿಟ್ಟೆಯಲ್ಲ, ಅದಿಲ್ದೆ ಅದ್ಯಾವ ಮೀನು?"

ಹೆಂಗಸರು ಮತ್ತೆ ನಕ್ಕರು. ದೀಪ ಹಚ್ಚುವ ಹೊತ್ತಾಗಿ ಒಬ್ಬೊಬ್ಬರೇ ಎದ್ದು ಹೋದರು. ನಾನು ಹೋಗಲಿಲ್ಲ. ರೇವಮ್ಮ ಸೆರಗು ಸರಿಮಾಡಿಕೊಳ್ಳುತ್ತಾ, ನನ್ನ ಕಡೆ ನೋಡದೆ ಕೇಳಿದಳು. "ಚೆನ್ನಾಜಿ, ನಿನ್ನ ಬಾಯಲ್ಲೀಗ ಬರೋದೆಲ್ಲ ನಿಜ ತಾನೆ? ಕಣ್ಣೂ ಬಂದಿದೆ. ನೋಡಿ ಹೇಳು, ನನ್ನ ಮುಖ ಹೆದರೋ ಹಾಗಿದೆಯಾ?"

ನಗುತ್ತಲೇ ಕೇಳಿದಳು, ಆದರೆ ಕೈ ಸೆರಗಿನ ಅಂಚನ್ನು ಹಿಂಡುತ್ತಿತ್ತು. ಆ ನಗೆಮಾತು ಇಷ್ಟು ಕಾಲ ಅವಳ ಕನ್ನಡಿಯೊಳಗೇ ಕೂತಿತ್ತೆಂದು ನನಗೆ ಹೊಳೆದದ್ದು ಆಗಲೇ. ಹತ್ತಿರ ಹೋಗಿ, ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದೆ. ಏನನ್ನೂ ಬಿಡದ ಹಾಗೆ ನೋಡಿದೆ. "ಇಲ್ಲ. ಮೂಗು ದೊಡ್ಡದು. ಕಣ್ಣು ಚೆನ್ನಾಗಿದೆ. ಮುಖ ಚೆನ್ನಾಗೇ ಇದೆ" ಎಂದೆ. ಅವಳು ನಂಬಿದಳು. ಮುಂಚಿನ ಬಾಯಲ್ಲಿ ಅವಳನ್ನು ರಂಭೆಯೆಂದು ಹೊಗಳಿದ್ದರೂ ನಂಬುತ್ತಿರಲಿಲ್ಲ, ಮೂಗು ದೊಡ್ಡದು ಎಂದದ್ದಕ್ಕೆ ನಂಬಿದಳು. ಮೂಗನ್ನು ಸೆರಗಿನಲ್ಲಿ ಒರೆಸಿಕೊಂಡು, "ಮೀನು ಬಂದಿದ್ದು ನಿಜ ಕಣೆ" ಎಂದಳು. "ಗೊತ್ತು. ಬೆರಳುದ್ದ ಇತ್ತು. ನೀನೇ ಚೊಂಬಲ್ಲಿ ಹಿಡ್ಕೊಂಡು ತಂದು ತೋರಿಸಿದ್ದೆ. ಅವರು ತಗೊಂಡು ಹೋಗಿ ಕೆರೆಗೆ ಬಿಟ್ರು" ಎಂದೆ. ಅವಳು ಒಳಗೆ ಹೋಗಿ ಕಾಫಿ ತಂದಳು. ಸಕ್ಕರೆ ಕಡಿಮೆಯಿತ್ತು, ಹಾಗೇ ಹೇಳಿದೆ. "ನಿನ್ನ ನಾಲಗೆ ಬರೀ ಸಪ್ಪೆ ಕಣೆ" ಎಂದಳು. "ಹಾಗಾದ್ರೆ ಸ್ವಲ್ಪ ಕಡ ಕೊಡು" ಎಂದೆ. ತಮಾಷೆಗೆ ಅಂದದ್ದು. ಅವಳು ಕೈ ಚಾಚಿದಳು. "ತಗೋ. ನಾಳೆ ವಾಪಸ್ ಕೊಡ್ಬೇಕು, ನನಗೂ ಜನ ಬರ್ತಾರೆ."

ಹೀಗೆ ನಡೆಯುತ್ತಿದೆ. ನನಗೆ ಬೇಕಾದಾಗ ಕಡ ಈಸಿಕೊಂಡು ಬರುತ್ತೇನೆ, ಅವಳಿಗೆ ಬೇಕಾದಾಗ ಬಂದು ಒಯ್ಯುತ್ತಾಳೆ. ಇಂದ್ರಾಣಿ ಉಪ್ಪಿಟ್ಟು ಮಾಡಿದ ದಿನ ತಪ್ಪದೆ ತರುತ್ತೇನೆ. ಡಾಕ್ಟರಮ್ಮನ ಹತ್ತಿರ ಹೋಗುವ ದಿನ ಕೊಟ್ಟು ಹೋಗುತ್ತೇನೆ. ಇದರಿಂದ ನಾನು ಸುಧಾರಿಸಿದೆನೋ ಕೆಟ್ಟೆನೋ, ಈಗ ಮಾತಾಡುತ್ತಿರುವುದು ನಾನೋ ಅವರೋ ರೇವಮ್ಮನೋ, ಕೇಳಿದರೆ ಈಗಲೂ ತಬ್ಬಿಬ್ಬಾಗುತ್ತೇನೆ. ಈ ಕಥೆ ಹೇಳುವುದಕ್ಕೆಂದೇ ಬೆಳಗ್ಗೆ ಈಸಿಕೊಂಡು ಬಂದದ್ದು. ಬರೀ ನಾಲಗೆಯಲ್ಲಿ ಹೇಳಿದ್ದರೆ 'ಕಣ್ಣಿನ ಆಪರೇಷನ್ ಆಯಿತು' ಎಂದು ಮುಗಿದುಹೋಗುತ್ತಿತ್ತು. ಇದರಲ್ಲಿ ನಿಜ ಎಷ್ಟು ಎಂದು ತಿಳಿಯಬೇಕಾದವರು ನಾಳೆ ಬನ್ನಿ, ನಾಳೆ ಅದು ಅವಳ ಹತ್ತಿರ ಇರುತ್ತದೆ, ಕೇಳಿದ್ದಕ್ಕೆಲ್ಲ ಸರಿಯಾದ ಉತ್ತರ ಕೊಡುತ್ತೇನೆ. ನಾಳೆ ಬರುವವರು ಯಾರೂ ಇಲ್ಲ ಎನ್ನುವುದೂ ನನಗೆ ಗೊತ್ತು. ಅಗೋ, ಗೋಡೆಯಾಚೆಯಿಂದ ಕೂಗು ಬಂತು. "ಚೆನ್ನಾಜೀ, ಮುಗೀತೇನೆ? ಜಗಲಿ ತುಂಬಿದೆ, ಕೊಡೇ!" ಒಂದು ಲಕ್ಷ ಜನ ಇರಬೇಕು. "ಬಂದೆ ಕಣೇ, ಇರು. ಒಂದು ಗಳಿಗೆ ಸುಧಾರಿಸ್ಕೊಂಡು ಬರ್ತೀನಿ."